ಬೆಟ್ಟದ ಸೊಪ್ಪು, ತೋಟದ ಗೊಬ್ಬರ

ಕನ್ನಡ ನಿಘಂಟುಗಳನ್ನು ತೆರೆದು ನೋಡಿದರೆ ‘ಬೆಟ್ಟ’ವೆಂಬ ಪದಕ್ಕೆ ಗಿರಿ, ಪರ್ವತ ಎಂಬ ಅರ್ಥವೇ ದೊರೆಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ ಸೀಮೆಗಳ ಅಡಕೆ ಬೆಳೆಗಾರನನ್ನು ಕೇಳಿದರೆ ಅವನು ಹೇಳುವ ಅರ್ಥವೇ ಬೇರೆ. ಅವನ ಬೆಟ್ಟವು ಎತ್ತರವಾಗಿರಲೇಬೇಕೆಂಬ ನಿಯಮವಿಲ್ಲ. ಅದು ತೋಟದ ಮೇಲ್ಗಡೆಯ ಇಳಿಜಾರಾಗಿರಬಹುದು, ಮನೆಯ ಹಿಂದಣ ದಿಬ್ಬವಾಗಿರಬಹುದು, ಊರಾಚೆಯ ಸಮತಟ್ಟಾದ ಕಾಡಿನ ತುಂಡೂ ಆಗಿರಬಹುದು. ತೋಟಕ್ಕೆ ಬೇಕಾದ ಹಸಿಸೊಪ್ಪನ್ನೂ ಉದುರಿದ ಒಣ ಎಲೆಯಾದ ದರಕನ್ನೂ ಯಾವ ನೆಲದಿಂದ ತರುವ ಹಕ್ಕು ಆ ತೋಟದ ಒಡೆಯನಿಗುಂಟೋ ಆ ನೆಲವೇ ಬೆಟ್ಟ. ಸರ್ಕಾರದ ದಫ್ತರಗಳಲ್ಲಿ ಅದಕ್ಕೆ ‘ಸೊಪ್ಪಿನ ಬೆಟ್ಟ’ವೆಂದು ಹೆಸರು. ಮರ ಬೆಳೆಸುವುದೂ ರಾಸಾಯನಿಕಗಳ ಹಂಗಿಲ್ಲದೆ ಬೇಸಾಯ ಮಾಡುವುದೂ ಏರುತ್ತಿರುವ ಭೂತಾಪಕ್ಕೆ ಪರಿಹಾರಗಳೆಂದು ಇಂದು ಸಭೆ ಸಭೆಗಳಲ್ಲಿಯೂ ಬೇರೆ ಬೇರೆಯಾಗಿ ಪ್ರತಿಪಾದಿತವಾಗುತ್ತಿರುವಾಗ, ಇವೆರಡನ್ನೂ ಒಂದೇ ಕಸುಬಿನ ಎರಡು ಕೈಗಳೆಂದು ತಿಳಿದು ಶತಮಾನಗಳ ಕಾಲ ನಡೆದುಬಂದ ಈ ಏರ್ಪಾಡಿನ ಚರಿತ್ರೆಯನ್ನು ಅರಿಯುವುದು ಅವಶ್ಯವೆಂದು ನನಗೆ ತೋರುತ್ತದೆ.

ಮಲೆನಾಡಿನ ಅಡಕೆ ತೋಟವು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ, ಸದಾ ತಂಪಾದ ನೆಲದಲ್ಲಿ ಹುಟ್ಟುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಬೀಳುವ ಮಳೆಯ ಆರ್ಭಟವು ಎಷ್ಟೆಂದರೆ, ನೆಲದ ಸಾರವನ್ನೆಲ್ಲ ತೊಳೆದು ಬಸಿಗಾಲುವೆಗಳ ಮೂಲಕ ಹಳ್ಳಕ್ಕೆ ಕೊಂಡೊಯ್ಯುವುದಕ್ಕೆ ಅದಕ್ಕೆ ಒಂದೆರಡು ವರ್ಷಗಳೇ ಸಾಕು. ಹಾಗೆ ಹೋದುದನ್ನು ಪ್ರತಿವರ್ಷವೂ ಹಿಂದಕ್ಕೆ ತಂದು ತುಂಬುವ ಉಪಾಯವೇ ಸೊಪ್ಪಿನ ಕೆಲಸ. ಮಳೆಗಾಲದಲ್ಲಿ ಆಳುಗಳು ಕಂಬಳಿಕೊಪ್ಪೆ ಹೊದ್ದು, ಸೊಂಟದ ಕೊಕ್ಕೆಗೆ ಕತ್ತಿಯನ್ನು ಸಿಕ್ಕಿಸಿ, ಬೆಟ್ಟದ ಮರಗಳನ್ನೇರಿ ರೆಂಬೆಗಳ ತುದಿಯನ್ನು ಸವರಿ, ಹಸಿಸೊಪ್ಪಿನ ಹೊರೆಗಳನ್ನು ಕೊಟ್ಟಿಗೆಗೆ ಹೊತ್ತು ತರುತ್ತಿದ್ದರು. ಆ ಸೊಪ್ಪು ದನಗಳ ಕಾಲಡಿಯ ಹಾಸಿಗೆಯಾಗಿ, ಸಗಣಿ ಗಂಜಳಗಳಿಂದ ನೆನೆದು, ತುಳಿದಾಟದಿಂದ ಮೆತ್ತಗಾಗಿ ಗೊಬ್ಬರಗುಂಡಿಯನ್ನು ಸೇರುತ್ತಿತ್ತು. ಬೇಸಗೆ ಬಂದು ಮರಗಳು ಎಲೆಯುದುರಿಸಿದಾಗ ಹೆಂಗಸರು ಮುಂಜಾವದ ಇಬ್ಬನಿ ಆರುವ ಮೊದಲೇ ಬೆಟ್ಟಕ್ಕೆ ಹೋಗಿ, ಒಣಗಿದ ದರಕನ್ನು ಗುಡಿಸಿ, ದೊಡ್ಡ ಹೆಡಿಗೆಗಳಲ್ಲಿ ಅಡಕಿ ತುಂಬಿ, ತಲೆಯ ಮೇಲೆ ಹೊತ್ತು ಇಳಿಯುತ್ತಿದ್ದರು. ಇಬ್ಬನಿ ಇರುವಾಗಲೇ ಏಕೆಂದರೆ, ಬಿಸಿಲೇರಿದ ಮೇಲೆ ದರಕು ಪುಡಿಯಾಗಿ ಹೋಗುತ್ತದೆ, ಹೆಡಿಗೆಯಲ್ಲಿ ಅಡಕವಾಗಿ ನಿಲ್ಲುವುದಿಲ್ಲ. ಕಳಿತ ಗೊಬ್ಬರವು ಮಳೆ ತೆರವಾದ ಮೇಲೆ ಅಡಕೆಮರದ ಬುಡವನ್ನು ಸೇರಿ, ಅದರ ಮೇಲೆ ಮಣ್ಣಿನ ಹೊದಿಕೆ ಬಿದ್ದು, ಮರವೂ ಅದನ್ನು ತಬ್ಬಿದ ಮೆಣಸಿನ ಬಳ್ಳಿಯೂ ನೆರಳಿನ ಏಲಕ್ಕಿಯೂ ಬಾಳೆಯೂ ಒಂದೇ ಊಟವನ್ನು ಹಂಚಿಕೊಂಡು ಉಣ್ಣುತ್ತಿದ್ದವು. ಹೊರಗಿನಿಂದ ಕೊಂಡು ತಂದದ್ದೆಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಸೊಪ್ಪು ತರುವುದಕ್ಕೆ ಒಂದು ಶಿಸ್ತು ಇದ್ದಿತು. ಮತ್ತಿ, ಕಿಂದಳದಂತಹ ಮರಗಳು ಸವರಿದಷ್ಟೂ ಚಿಗುರುವ ಸ್ವಭಾವದವಾದುದರಿಂದ ಸೊಪ್ಪಿಗೆ ಅವೇ ಮುಖ್ಯ. ಅವುಗಳ ತಲೆಯನ್ನು ಮಾತ್ರ ಕಡಿಯಬಾರದು. ಅಡ್ಡರೆಂಬೆಗಳನ್ನಷ್ಟೇ ಸವರಿ ತುದಿಯನ್ನು ಬಿಡಬೇಕು. ಈ ವರ್ಷ ಸವರಿದ ಮರಕ್ಕೆ ಮುಂದಿನ ವರ್ಷ ವಿಶ್ರಾಂತಿ ಕೊಡಬೇಕು. ಉಪ್ಪಾಗೆ, ಮುರುಗಲು, ವಾಟೆ, ಹಲಸು, ಮಾವು, ನೇರಳೆಗಳಿಗೆ ಹಣ್ಣಿಗಾಗಿಯೂ ಹುಳಿಗಾಗಿಯೂ ಬೇರೆಯೇ ಮರ್ಯಾದೆ. ಊರ ಅಂಚಿನ ಚೌಡಿಯ ಬನದಲ್ಲಿಯಂತೂ ಒಣಕಡ್ಡಿಯನ್ನು ಮುಟ್ಟುವುದಕ್ಕೂ ಭಯ. ಈ ಬೆಟ್ಟದ ಮರಗಳಿಂದ ತೋಟಕ್ಕೆ ಆಗುತ್ತಿದ್ದ ಇನ್ನೊಂದು ಉಪಕಾರವು ಕಣ್ಣಿಗೆ ಕಾಣುವಂಥದಲ್ಲ: ಮಳೆಯ ನೀರು ಎಲೆಗಳ ಮೇಲೂ ದರಕಿನ ಮೇಲೂ ಬಿದ್ದು, ಬೇರಿನ ಜಾಡು ಹಿಡಿದು ನೆಲದೊಳಕ್ಕಿಳಿದು, ಮಾಗಿ ಕಳೆದು ಬೇಸಗೆ ಬಂದ ಮೇಲೆ ತೋಟದ ತಲೆಯಲ್ಲಿ ಒರತೆಯಾಗಿ ಹೊರಡುತ್ತಿತ್ತು. ಗೊಬ್ಬರದಂತೆ ನೀರೂ ಬೆಟ್ಟದ್ದೇ ಎಂಬುದನ್ನು ಒರತೆ ಬತ್ತಿಹೋದವನು ಮಾತ್ರ ಸಂಪೂರ್ಣವಾಗಿ ಬಲ್ಲ.

ಈ ಪದ್ಧತಿ ಎಷ್ಟು ಪುರಾತನವೆಂಬುದಕ್ಕೆ ಶಾಸನವೊಂದನ್ನು ತೋರಿಸಿ ಇಂಥ ವರ್ಷವೆಂದು ಬೆರಳಿಡುವುದು ಸಾಧ್ಯವಿಲ್ಲ. ಸಾಮಾನ್ಯ ರೈತನು ಮಾಡುತ್ತಿದ್ದ ಕೆಲಸವನ್ನು ಕಲ್ಲಿನ ಮೇಲೆ ಕೆತ್ತಿಸುವ ಅಗತ್ಯ ಯಾರಿಗೂ ಇರಲಿಲ್ಲವಷ್ಟೆ. ಆದರೆ ಗಿಡಮರಗಳ ಪೋಷಣೆಯನ್ನು ಕನ್ನಡಿಗರು ವಿದ್ಯೆಯೆಂದು ಭಾವಿಸಿದ್ದರೆಂಬುದು ನಿಸ್ಸಂದೇಹ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ಸೂಪಶಾಸ್ತ್ರ, ವೈದ್ಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಸ್ಥಾನ ದೊರೆತಿದೆ. ಮರಕ್ಕೂ ಮನುಷ್ಯನಂತೆ ಆಹಾರ, ರೋಗ, ಚಿಕಿತ್ಸೆಗಳುಂಟೆಂದು ಸಾವಿರ ವರ್ಷಗಳ ಹಿಂದೆಯೇ ಲೋಕಭಾಷೆಯಲ್ಲಿ ಬರೆದಿಟ್ಟ ಜನ ನಾವು. ಮುಂದೆ ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ಯೆಂದು ಕರೆದರು. ಸಾಗರದಾಚೆಯ ವರ್ತಕರನ್ನು ಹೊನ್ನಾವರದ ಸುತ್ತಲಿನ ರೇವುಗಳಿಗೆ ಸೆಳೆದ ಆ ಮೆಣಸಿನ ಹಿಂದೆ ಘಟ್ಟದ ತೋಟಗಳೂ ಕಾನುಗಳೆಂಬ ಕಾಡುಗಳೂ ಇದ್ದವು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಅಳೆಯಿಸಿ ನಿಗದಿ ಮಾಡಿದ ಕಂದಾಯ ‘ಶಿಸ್ತು’ ಎಂದೇ ಪ್ರಸಿದ್ಧವಾಯಿತು. ಗದ್ದೆಗೆ ಬಿತ್ತನೆಯ ಲೆಕ್ಕ, ತೋಟಕ್ಕೆ ಅಡಕೆಮರಗಳ ಲೆಕ್ಕ. ಸೊಪ್ಪನ್ನೊದಗಿಸುವ ಕಾಡು ಕೈಗೆಟಕುವಲ್ಲಿ ಇಲ್ಲದಿದ್ದರೆ ಆ ಮರಗಳು ನಿಲ್ಲುತ್ತಿರಲಿಲ್ಲವೆಂಬುದು ತೋಟದ ಕೆಲಸ ಬಲ್ಲ ಯಾರಿಗಾದರೂ ತಿಳಿದ ಸಂಗತಿ.

ಟಿಪ್ಪುವಿನ ಪತನಾನಂತರ ಈ ಸೀಮೆಯನ್ನು ಕಂಪನಿ ಸರ್ಕಾರದ ಪರವಾಗಿ ಸುತ್ತಿ ನೋಡಿದವನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. 1801ರಲ್ಲಿ ಕರಾವಳಿಯಿಂದ ಯಲ್ಲಾಪುರಕ್ಕೆ ಹತ್ತಿ, ಸೋಂದಾ, ಶಿರಸಿ, ಬನವಾಸಿಗಳ ಮಾರ್ಗವಾಗಿ ಇಕ್ಕೇರಿಯ ಕಡೆಗೆ ಸಾಗಿದ ಅವನ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ತೋಟಗಳ ಬೇಸಾಯಕ್ರಮವನ್ನು ಅವನು ಬೆಳೆಗಾರರನ್ನೇ ಕೇಳಿ ಕೇಳಿ ಬರೆದುಕೊಂಡಿದ್ದಾನೆ. ಪರದೇಶಿಯಾದರೂ ಕೇಳಿ ತಿಳಿಯುವ ಆ ತಾಳ್ಮೆ ಅವನಲ್ಲಿದ್ದುದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು. ಮೈಸೂರು ಸೀಮೆಯ ಸೊರಬದ ಕಾನುಗಳ ಬಗೆಗೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದರು. ಊರವರು ಮೆಣಸು ಮೊದಲಾದ ಉತ್ಪನ್ನಗಳಿಗಾಗಿ ಕಾಪಾಡಿಕೊಂಡು ಬಂದ ನಿತ್ಯಹಸುರಿನ ಕಾಡಿನ ದ್ವೀಪಗಳೇ ಈ ಕಾನುಗಳು. ಈ ಕಾಡುಗಳು ಯಾರೂ ಇಲ್ಲದೆ ತಾವಾಗಿ ಉಳಿದವಲ್ಲ, ಯಾರೋ ಉಳಿಸಿದುದರಿಂದ ಉಳಿದವು.

ಆದರೆ ಈ ತಿಳಿವಳಿಕೆ ಆಳುವವರ ನೀತಿಯನ್ನು ತಿದ್ದಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸಿನ ಕೈಯಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1865ರಲ್ಲಿ ಮೊದಲನೆಯ ಅರಣ್ಯ ಕಾಯಿದೆ, 1878ರಲ್ಲಿ ಅದಕ್ಕಿಂತ ಕಠಿನವಾದ ಎರಡನೆಯದು ಬಂದವು. ಹಡಗಿಗೂ ರೈಲುದಾರಿಗೂ ಮರ ಬೇಕಾಗಿದ್ದ ಸರ್ಕಾರದ ಕಣ್ಣಿಗೆ ತೇಗವು ಕಂಡಿತೇ ಹೊರತು ಮತ್ತಿಯ ಸೊಪ್ಪು ಕಾಣಲಿಲ್ಲ. ಗುಡ್ಡದ ಇಳಿಜಾರುಗಳಲ್ಲಿ ಕುಮರಿ ಕಡಿದು, ಎಂದರೆ ಕಾಡನ್ನು ಸವರಿ ಸುಟ್ಟು, ರಾಗಿ ಬೆಳೆಯುತ್ತಿದ್ದವರ ಬೇಸಾಯ ನಿಷಿದ್ಧವಾಗುತ್ತ ಬಂದಿತು. ಅವರಲ್ಲಿ ಬಹುಮಂದಿ ಕೂಲಿಗಳಾದರು. ಅವರ ಕಥೆಯನ್ನು ಬರೆದವರು ಕಡಮೆ. ತೋಟಿಗರು ತೆರಿಗೆ ಕೊಡುವವರು, ಅರ್ಜಿ ಬರೆಯಬಲ್ಲವರು. ಅವರ ಮಾತಿಗೆ ಬೆಲೆಯಿದ್ದಿತು. ಅಡಕೆ ತೋಟವು ಸೊಪ್ಪಿಲ್ಲದೆ ಬದುಕದೆಂಬುದನ್ನೂ ತೋಟ ಸತ್ತರೆ ಕಂದಾಯವೂ ಸಾಯುವುದೆಂಬುದನ್ನೂ ಮನಗಂಡ ಸರ್ಕಾರವು ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಗುರುತಿಸಿಕೊಟ್ಟಿತು. ಆದರೆ ಕೊಟ್ಟದ್ದು ಸೌಲಭ್ಯವೇ ಹೊರತು ಒಡೆತನವಲ್ಲ. ಸೊಪ್ಪು ತೋಟಿಗನದು, ತೇಗ ಬೀಟೆ ಶ್ರೀಗಂಧಗಳು ಸರ್ಕಾರದವು. ಒಂದೇ ನೆಲದ ಮೇಲೆ ನಿಂತ ಮರಗಳಲ್ಲಿ ಕೆಲವು ತನ್ನವು, ಕೆಲವು ಪರರವು ಎಂಬ ಈ ಇಬ್ಬಂದಿಯು ಮನುಷ್ಯನ ಮನಸ್ಸಿನ ಮೇಲೆ ಏನು ಪರಿಣಾಮ ಮಾಡೀತೆಂಬುದನ್ನು ಊಹಿಸುವುದು ಕಷ್ಟವಲ್ಲ: ಬೀಟೆಯ ಸಸಿಯೊಂದು ತಾನಾಗಿ ಹುಟ್ಟಿದರೆ ಅದನ್ನು ಸಾಕುವ ಉತ್ಸಾಹ ಯಾರಿಗೆ ಉಳಿದೀತು?

ಈ ಪ್ರಶ್ನೆಗೆ ಚರಿತ್ರೆಯೇ ಒದಗಿಸಿದ ಉತ್ತರವು ಘಟ್ಟದ ಕೆಳಗೆ, ಕುಮಟಾ ತಾಲ್ಲೂಕಿನಲ್ಲಿ ಇದೆ. ಕರಾವಳಿಯ ಗುಡ್ಡಗಳು ಬೋಳಾಗಿ ಉರುವಲಿಗೂ ಸೊಪ್ಪಿಗೂ ಹಾಹಾಕಾರವೆದ್ದಾಗ, 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಆ ಸೀಮೆಯ ಅರಣ್ಯ ಸೌಲಭ್ಯಗಳನ್ನು ಪರಿಶೀಲಿಸಿ, ಕಾಡನ್ನು ಊರಿನ ಕೈಗೆ ಕೊಡುವುದು ಮೇಲೆಂದು ಅಭಿಪ್ರಾಯಪಟ್ಟನು. ಅದರ ಫಲವಾಗಿ ಹಳಕಾರ, ಚಿತ್ರಗಿ, ಕಲ್ಲಬ್ಬೆ ಮೊದಲಾದ ಗ್ರಾಮಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಸ್ಥಾಪಿತವಾದವು. ಊರವರೇ ಕಾವಲುಗಾರನನ್ನಿಟ್ಟರು, ಸೊಪ್ಪಿಗೆ, ದರಕಿಗೆ, ಸೌದೆಗೆ ನಿಯಮಗಳನ್ನು ಕಟ್ಟಿಕೊಂಡರು, ತಪ್ಪಿದವರಿಗೆ ದಂಡ ವಿಧಿಸಿದರು. ಹೊಸಬೀಜವನ್ನಾಗಲಿ ದೂರದ ಸಸಿಯನ್ನಾಗಲಿ ತರಿಸದೆ, ಕೇವಲ ತಡೆದು ಕಾದುದರಿಂದಲೇ ಬೋಳುಗುಡ್ಡಗಳು ಮರಳಿ ಕಾಡಾದವು. ದಶಕಗಳು ಹೀಗೆ ನಡೆದ ಮೇಲೆ, ರಾಜ್ಯದ ಏಕೀಕರಣವಾಗಿ ಕಾನೂನುಗಳನ್ನು ಒಂದೇ ಅಚ್ಚಿಗೆ ತರುವ ಸಂದರ್ಭದಲ್ಲಿ, ಮುಂಬಯಿ ಪ್ರಾಂತದ ಕಾಲದ ಈ ಪಂಚಾಯತಿಗಳನ್ನು ವಿಸರ್ಜಿಸುವ ಆಜ್ಞೆ ಹೊರಟಿತು. ಹಳಕಾರದವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದು ತಮ್ಮ ಕಾಡನ್ನು ಉಳಿಸಿಕೊಂಡರು. ಚಿತ್ರಗಿಯಲ್ಲಿ ಆದುದೇ ಬೇರೆ. ನಾಳೆ ಈ ಕಾಡು ನಮ್ಮದಲ್ಲವೆಂದು ತಿಳಿದೊಡನೆ, ಅಷ್ಟು ಕಾಲ ಒಂದೊಂದು ಕೊಂಬೆಗೂ ಕಾವಲಿದ್ದ ಆ ಜನರೇ ಕೆಲವೇ ದಿನಗಳಲ್ಲಿ ಮರಗಳನ್ನು ಕಡಿದು ಮನೆಗೆ ಸಾಗಿಸಿದರು. ಈ ಸಂಗತಿಯನ್ನು ಮೊದಲ ಬಾರಿ ಓದಿದಾಗ ನನಗೆ ಆ ಜನರ ಮೇಲೆ ಕೋಪ ಬಂದಿತು. ಆಮೇಲೆ ವಿಚಾರ ಮಾಡಿದಂತೆ ಕೋಪವು ದುಃಖವಾಯಿತು. ಅವರು ಕಡಿದದ್ದು ಕಾಡನ್ನಲ್ಲ, ಕಳೆದುಹೋಗುತ್ತಿದ್ದ ತಮ್ಮ ಪಾಲನ್ನು. ಮರ ಉಳಿಯುವುದು ಅದರ ಎಲೆಗಾಗಿ ಮುಂದಿನ ವರ್ಷವೂ ಬರುವೆನೆಂಬ ಭರವಸೆಯುಳ್ಳವನು ಇರುವವರೆಗೆ ಮಾತ್ರವೆಂದು ನಾನು ನಂಬಿದ್ದೇನೆ, ಮತ್ತು ನನ್ನ ಈ ನಂಬಿಕೆಗೆ ಹಳಕಾರ ಚಿತ್ರಗಿಗಳ ಜೋಡಿ ಸಾಕ್ಷಿಯೇ ಆಧಾರ.

ಸ್ವಾತಂತ್ರ್ಯದ ಹೋರಾಟದಲ್ಲಿಯೂ ಕಾಡು ಮರೆಯಾಗಿರಲಿಲ್ಲ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಬೆನ್ನಿಗೇ ಉತ್ತರ ಕನ್ನಡದಲ್ಲಿ ಜಂಗಲ್ ಸತ್ಯಾಗ್ರಹವೂ ಅಂಕೋಲಾ ಸಿದ್ದಾಪುರಗಳ ಕರನಿರಾಕರಣೆಯೂ ನಡೆದವು. ಜಮೀನು ಹರಾಜಾದರೂ ಮಣಿಯದೆ ನಿಂತ ಆ ಕುಟುಂಬಗಳ ಶೌರ್ಯದ ಹಿಂದೆ, ರಾಷ್ಟ್ರಪ್ರೇಮದ ಜೊತೆಗೆ, ಕಾಡಿನ ವಿಷಯವಾಗಿ ಎರಡು ತಲೆಮಾರು ಅನುಭವಿಸಿದ ಅಪಮಾನವೂ ಇದ್ದಿತು.

ಸ್ವರಾಜ್ಯ ಬಂದ ಮೇಲೆ ಬೆಟ್ಟದ ಅದೃಷ್ಟ ತಿರುಗಬೇಕಾಗಿತ್ತು, ತಿರುಗಲಿಲ್ಲ. ಐವತ್ತರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಬಿದಿರು ಅದರ ಹೊಟ್ಟೆಗೆ ಹೋಯಿತು. ಪ್ಲೈವುಡ್ಡಿಗೆ ದೊಡ್ಡ ಮರಗಳು ಹೋದವು. ಕಡಿದ ಸ್ವಾಭಾವಿಕ ಕಾಡಿನ ಜಾಗದಲ್ಲಿ ತೇಗದ ಸಾಲುಗಳು ಬಂದವು. ಇದೇ ಕಾಲಕ್ಕೆ ತೋಟದೊಳಗೂ ಬದಲಾವಣೆ ಕಾಲಿಟ್ಟಿತು. ಹೊಸದೆಲ್ಲವೂ ಕೆಟ್ಟದೆಂದು ನಾನು ಹೇಳಲಾರೆ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಅದಕ್ಕೂ ಬಹು ಮೊದಲೇ, 1910ರ ಸುಮಾರಿಗೆ, ಮಲೆನಾಡಿಗೆ ತೋರಿಸಿಕೊಟ್ಟ ಮೈಸೂರಿನ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ನರನ್ನು, ಮಳೆಯಲ್ಲಿ ಮರವೇರಿ ಅಡಕೆಯ ಕೊನೆಕೊನೆಗೂ ನೀರು ತಾಗದಂತೆ ಕೊಟ್ಟೆ ಕಟ್ಟುತ್ತಿದ್ದ ಕೊನೆಗಾರನ ಮನೆಯವರು ಹರಸಿಯೇ ಇರಬೇಕು. ಆದರೆ ಅರವತ್ತರ ದಶಕದಿಂದೀಚೆಗೆ ಚೀಲದಲ್ಲಿ ಬಂದ ಯೂರಿಯಾದ ಕಥೆ ಬೇರೆ. ಹತ್ತು ಆಳು ಹೊತ್ತು ತರುತ್ತಿದ್ದ ಸಾರವನ್ನು ಒಬ್ಬನು ಬುಟ್ಟಿಯಲ್ಲಿ ಎರಚಿ ಮುಗಿಸಬಹುದಾಯಿತು. ಆಳುಗಳಿಗೆ ಪೇಟೆಯ ಕೂಲಿ ಹೆಚ್ಚಾಯಿತು. ಕೊಟ್ಟಿಗೆಯಲ್ಲಿ ದನಗಳು ಕಡಮೆಯಾದವು. ದನ ಕಡಮೆಯಾದೊಡನೆ ಹಾಸುವ ಸೊಪ್ಪಿನ ಅಗತ್ಯವೂ ಕುಗ್ಗಿತು. ಸೊಪ್ಪಿಗೆ ಹೋಗುವವರಿಲ್ಲದ ಬೆಟ್ಟವನ್ನು ನೋಡಿಕೊಳ್ಳುವವರೂ ಇಲ್ಲವಾದರು. ಅಗಳ ಕುಸಿದು, ಬೇಲಿ ಬಿದ್ದು, ಬೆಂಕಿ ನುಗ್ಗಿ, ಕೆಲವು ಬೆಟ್ಟಗಳು ಕುರುಚಲಾದವು, ಕೆಲವು ಹುಲ್ಲುಗಾವಲಾದವು. ಕೆಲವೆಡೆ ತಲೆಯನ್ನೂ ಬಿಡದೆ ಸವರಿದ ಅತ್ಯಾಶೆಯಿಂದಲೂ ಮರಗಳು ಕಂಬಗಳಾಗಿ ನಿಂತುದುಂಟು; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸೊಪ್ಪು ಹೊತ್ತ ತಲೆಗಳಿಗೆ ಬೆಟ್ಟದಲ್ಲಿ ಹಕ್ಕಿರಲಿಲ್ಲವೆಂಬ ಕೊರತೆಯೂ ಈ ಏರ್ಪಾಡಿನೊಳಗೇ ಇದ್ದಿತು. ಹಕ್ಕು ತೋಟವುಳ್ಳವನದು, ಹೊರೆ ತೋಟವಿಲ್ಲದವನದು.

ಈ ಇಳಿಗಾಲದಲ್ಲಿ ಎಚ್ಚರಿಕೆಯೂ ಶಿರಸಿ ಸೀಮೆಯಿಂದಲೇ ಹೊರಟಿತು. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ತೋಟಿಗರು ಕೇವಲ ಪ್ರತಿಭಟಿಸದೆ, ವಿಜ್ಞಾನಿಗಳನ್ನು ಕರೆಯಿಸಿ ಲಾಭನಷ್ಟಗಳ ಲೆಕ್ಕವನ್ನು ಮುಂದಿಟ್ಟರು. 1983ರ ಸೆಪ್ಟೆಂಬರ್ 8ರಂದು ಸಲಕಣಿಯ ಸುತ್ತಲಿನ ಗ್ರಾಮಸ್ಥರು ಕಳಸೆಯ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿಕೊಂಡು ನಿಂತರು. ಹಿಮಾಲಯದ ಚಿಪ್ಕೊ ಕನ್ನಡದಲ್ಲಿ ‘ಅಪ್ಪಿಕೊ’ ಆಯಿತು. ಉಳಿಸು, ಬೆಳೆಸು, ಬಳಸು ಎಂದು ಆ ಚಳವಳಿ ಸಾರಿದ ಮೂರು ಮಾತುಗಳಲ್ಲಿ ಮೂರನೆಯದನ್ನು ಜನ ಬೇಗ ಮರೆಯುತ್ತಾರೆ. ನನ್ನ ಮಟ್ಟಿಗೆ ಅದೇ ಮುಖ್ಯ, ಏಕೆಂದರೆ ಸೊಪ್ಪಿನ ಬೆಟ್ಟದ ಸಮಸ್ತ ಅನುಭವವೂ ಆ ‘ಬಳಸು’ ಎಂಬ ಮಾತಿನಲ್ಲಿದೆ. ಮುಂದೆ ಪಶ್ಚಿಮಘಟ್ಟದ ಸ್ವಾಭಾವಿಕ ಕಾಡುಗಳಲ್ಲಿ ಹಸಿಮರ ಕಡಿಯುವುದನ್ನು ಸರ್ಕಾರವು ನಿಲ್ಲಿಸಬೇಕಾಯಿತು.

ಅದೇ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ ನಾಡಿನಾದ್ಯಂತ ಕೋಟಿಗಟ್ಟಲೆ ಸಸಿಗಳು ನೆಲ ಕಂಡವು; ಅವುಗಳಲ್ಲಿ ಬಹುಪಾಲು ನೀಲಗಿರಿ. ದನ ಬಾಯಿ ಹಾಕದ, ಗೊಬ್ಬರಕ್ಕೊದಗದ, ಹಣ್ಣಿಲ್ಲದ ಆ ಮರವು ಊರಿನವರಿಗಿಂತ ಕಾರ್ಖಾನೆಗೆ ಹೆಚ್ಚು ಬೇಕಾದುದು. 1984ರಲ್ಲಿ ಊರ ಗೋಮಾಳಗಳನ್ನೂ ಒಳಗೊಂಡಂತೆ 30,000 ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಗಾಗಿ ಮರ ಬೆಳೆಸುವ ಕಂಪನಿಯೊಂದನ್ನು ಸರ್ಕಾರವು ಪಾಲುಗಾರನಾಗಿ ಹುಟ್ಟುಹಾಕಿದಾಗ, ಹಾನಗಲ್ಲು ತಾಲ್ಲೂಕಿನ ಕುಸನೂರಿನ ಜನ 1987ರ ನವೆಂಬರ್ 14ರಂದು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿದರು: ನೀಲಗಿರಿಯ ಸಸಿಗಳನ್ನು ಕಿತ್ತರು, ಅದೇ ಕುಳಿಗಳಲ್ಲಿ ತಮಗೆ ಬೇಕಾದ ಮರಗಳನ್ನು ಹಚ್ಚಿದರು. ಸಸಿಯನ್ನು ಕೀಳುವುದೂ ವೃಕ್ಷಸೇವೆಯಾಗಬಹುದೆಂಬುದನ್ನು ನಾಡು ಅಂದು ಕಂಡಿತು. 1993ರ ಬಳಿಕ ಗ್ರಾಮ ಅರಣ್ಯ ಸಮಿತಿಗಳು ಬಂದವು. ಊರಿಗೆ ಮಾತು ದೊರೆಯಿತಾದರೂ ನೆಟ್ಟದ್ದು ಬಹುಮಟ್ಟಿಗೆ ಅಕೇಶಿಯಾ. ಅದರ ಉದುರೆಲೆ ಬೇಗ ಕಳಿಯದು. ದರಕಿಗೆ ಹೋದ ಹೆಂಗಸರು ಅದನ್ನು ಹೆಡಿಗೆಗೆ ತುಂಬಲು ಒಲ್ಲರು. 2004ರಲ್ಲಿ ರಾಜ್ಯವು ಸಾವಯವ ಕೃಷಿಗೆ ನೀತಿಯೊಂದನ್ನು ಪ್ರಕಟಿಸಿತು. ಆದರೆ ಸಾವಯವ ಗೊಬ್ಬರಕ್ಕೆ ಸಹಾಯ ಕೊಡುವ ಕಚೇರಿಯೊಂದು, ಆ ಗೊಬ್ಬರ ಹುಟ್ಟುವ ಬೆಟ್ಟವನ್ನು ಆಳುವ ಕಚೇರಿ ಇನ್ನೊಂದು.

ಹವೆಯ ಕ್ರಮ ತಪ್ಪಿರುವುದನ್ನು ಮಲೆನಾಡಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳ ಮಳೆ ಎರಡು ದಿನದಲ್ಲಿ ಸುರಿಯುವುದು, ಆಮೇಲೆ ವಾರಗಟ್ಟಲೆ ಬಿಸಿಲು ಕಾಯುವುದು ಈಗ ವಾಡಿಕೆಯಾಗಿದೆ. 2021ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜರಿದು ಅಡಕೆ ತೋಟಗಳನ್ನು ಕೊಚ್ಚಿಕೊಂಡು ಹೋದವು. ಎಲೆಚುಕ್ಕಿ ರೋಗವು ಊರಿಂದೂರಿಗೆ ಹಬ್ಬಿದೆ. ಚೀಲದ ಸಾರಜನಕವನ್ನು ತಯಾರಿಸುವುದಕ್ಕೆ ಭೂಗರ್ಭದ ಅನಿಲವನ್ನು ಉರಿಸಬೇಕು; ನೆಲಕ್ಕೆ ಬಿದ್ದ ಮೇಲೆ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೇರುತ್ತದೆ; ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡಬಲ್ಲುದು. ಬೆಟ್ಟದ ಮರವಾದರೋ ಗಾಳಿಯ ಇಂಗಾಲವನ್ನು ಮೈಯಲ್ಲಿ ಕಟ್ಟಿಕೊಂಡು ಬೆಳೆಯುತ್ತದೆ, ಅದರ ಎಲೆಯ ಗೊಬ್ಬರವು ಮಣ್ಣಿನಲ್ಲಿ ಒಂದಷ್ಟನ್ನು ಕೂಡಿಡುತ್ತದೆ, ಅದರ ಬೇರು ಇಳಿಜಾರಿನ ಮಣ್ಣನ್ನೂ ಸುರಿದ ಮಳೆಯನ್ನೂ ಹಿಡಿದು ನಿಲ್ಲಿಸುತ್ತದೆ. ನಮ್ಮ ಹಿರಿಯರು ಈ ಲೆಕ್ಕವನ್ನು ತಿಳಿದು ಸೊಪ್ಪು ಹೊತ್ತವರಲ್ಲ. ಅವರು ತೋಟ ಬದುಕಲೆಂದು ಹೊತ್ತರು. ಆದರೆ ಅವರ ಹೊರೆಯಿಂದ ತೋಟದ ಜೊತೆಗೆ ಉಳಿದುಬಂದದ್ದು ಏನೇನೆಂಬುದು ನಮಗೆ ಈಗ ತಿಳಿದಿದೆ.

ಆದುದರಿಂದ, ತೋಟದ ಪಹಣಿಯ ಜೊತೆಗೆ ಬೆಟ್ಟವನ್ನೂ ಪಡೆದಿರುವ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಜೂನ್ ತಿಂಗಳಿನಲ್ಲಿ ಹಂಚುವ ಸಸಿಗಾಗಿ ಕಾಯುತ್ತ ಕುಳಿತುಕೊಳ್ಳಬೇಡಿ. ಈ ಬೇಸಗೆಯಲ್ಲಿಯೇ ಒಂದು ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಪೇಟೆಯಿಂದ ಬಂದ ಮೊಮ್ಮಕ್ಕಳನ್ನೂ ಕರೆದುಕೊಂಡು ನಿಮ್ಮ ಬೆಟ್ಟದ ಗಡಿಯನ್ನು ಒಮ್ಮೆ ಸುತ್ತಿ ಬನ್ನಿ. ಕುಸಿದ ಅಗಳವನ್ನು ಮಳೆಗೆ ಮುನ್ನ ತೋಡಿಸಿರಿ. ಮುರಿದ ಉಣುಗೋಲನ್ನು ಸರಿಪಡಿಸಿರಿ. ಪಕ್ಕದ ತೋಟವಿಲ್ಲದ ಮನೆಯವರು ದರಕಿಗೆ ಬಂದರೆ ಅವರಿಗೂ ಒಂದು ಪಾಲನ್ನು ಮಾತಾಡಿ ಗೊತ್ತುಮಾಡಿರಿ. ಮತ್ತಿ, ಕಿಂದಳಗಳ ಕೂಳೆಗಳು ಇನ್ನೂ ಜೀವದಿಂದಿವೆ. ದನ ಮತ್ತು ಬೆಂಕಿ ಎರಡು ವರ್ಷ ಹತ್ತಿರ ಬರದಂತೆ ನೋಡಿಕೊಂಡರೆ ಅವು ತಾವಾಗಿಯೇ ಚಿಗುರುತ್ತವೆ.